ಗಾಂಧಿ ಕ್ಲಾಸಿನಿಂದ: ಖಾಕಿ ಅಂಗಿ ಯಾರ ಅಳತೆಗೆ ಹೊಲಿದದ್ದು?

ಈ ವಾರದ ಅಂಚೆಯಲ್ಲಿ ಒಂದು ಪಂದ್ಯ ಬಂದಿದೆ, ಗೆಳೆಯರೇ! ಕಾಗದ ಬರೆದವರು ಇಬ್ಬರು. ಒಬ್ಬ ಗುಬ್ಬಿಯವನು, ಇನ್ನೊಬ್ಬ ಕುಣಿಗಲ್‌ನವನು. ಇಬ್ಬರೂ ತುಮಕೂರಿನಲ್ಲಿ ಒಂದೇ ರೂಮಿನಲ್ಲಿ ಇದ್ದುಕೊಂಡು ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದಾರಂತೆ. ಓದು ಎಷ್ಟರಮಟ್ಟಿಗೆ ಸಾಗಿದೆಯೋ ಗೊತ್ತಿಲ್ಲ, ಜಗಳ ಮಾತ್ರ ಜೋರಾಗಿ ಸಾಗಿದೆ. ಗುಬ್ಬಿಯವನ ವಾದ: "ಪೊಲೀಸ್ ಪಿಕ್ಚರ್ ಅಂದ್ರೆ ತಮಿಳಿನ ‘ಸಿಂಗಂ’ ಸಾರ್. ಮಿಕ್ಕಿದ್ದೆಲ್ಲ ಅದರ ಜೆರಾಕ್ಸು." ಕುಣಿಗಲ್‌ನವನ ವಾದ: "ನಮ್ಮ ಸುದೀಪಣ್ಣನ ‘ಕೆಂಪೇಗೌಡ’ನ ಎದುರು ಆ ಸಿಂಹ ಬೆಕ್ಕಿನ ಮರಿ ಸಾರ್." ಸೋತವನು ಕ್ಯಾತ್ಸಂದ್ರದಲ್ಲಿ ಆರು ತಟ್ಟೆ ಇಡ್ಲಿ ಕೊಡಿಸಬೇಕಂತೆ. ತೀರ್ಪು ನಾನು ಕೊಡಬೇಕಂತೆ!

ಜಡ್ಜು ಆಗೋ ಯೋಗ್ಯತೆ ನನಗಿಲ್ಲ. ಆದರೆ ಖಾಕಿ ತೊಟ್ಟ ಹೀರೋ ತೆರೆಯ ಮೇಲೆ ಜೀಪಿನಿಂದ ಕಾಲು ಇಳಿಸಿದಾಗ ಸಿಳ್ಳೆ ಹೊಡೆದವರ ಜೊತೆ ಎಷ್ಟೋ ವರ್ಷದಿಂದ ಕೂತಿದ್ದೇನೆ. ಆ ಅಧಿಕಾರದಿಂದ ನಾಲ್ಕು ಮಾತು ಹೇಳುತ್ತೇನೆ. ತಟ್ಟೆ ಇಡ್ಲಿ ಆರಿ ಹೋಗುವ ಮುಂಚೆ ಕೇಳಿಸಿಕೊಳ್ಳಿ.

ಮೊದಲು ದಾಖಲೆ ನೋಡೋಣ. ಹರಿ ನಿರ್ದೇಶನದ ತಮಿಳು ‘ಸಿಂಗಂ’ ಬಂದದ್ದು 2010ರ ಮೇ ತಿಂಗಳಲ್ಲಿ. ಸೂರ್ಯ ನಾಯಕ. ನಾಯಕಿ ಅನುಷ್ಕಾ ಶೆಟ್ಟಿ ನಮ್ಮ ಕರಾವಳಿ ಮೂಲದವರು. ಖಳನಾಯಕ ಪ್ರಕಾಶ್ ರೈ ನಮ್ಮ ನಾಡಿನವರು, ನಮ್ಮ ನಾಟಕರಂಗದಲ್ಲಿ ಪಳಗಿದವರು. ಗುಬ್ಬಿಯ ತಮ್ಮಾ, ನಿನ್ನ ತಮಿಳು ಸಿಂಹದ ಪಕ್ಕದಲ್ಲೂ ಎದುರಿನಲ್ಲೂ ಕನ್ನಡದ ನೆಲದವರೇ ನಿಂತಿದ್ದರು, ನೆನಪಿರಲಿ!

ಹತ್ತೇ ತಿಂಗಳಲ್ಲಿ, 2011ರ ಮಾರ್ಚ್‌ನಲ್ಲಿ, ಅದೇ ಕಥೆ ‘ಕೆಂಪೇಗೌಡ’ ಆಗಿ ಬಂತು. ನಾಯಕನೂ ಸುದೀಪ್, ನಿರ್ದೇಶಕನೂ ಸುದೀಪ್. ಅದೇ ವರ್ಷ ಜುಲೈನಲ್ಲಿ ಹಿಂದಿಯವರೂ ‘ಸಿಂಗಂ’ ಮಾಡಿ ಅಜಯ್ ದೇವಗನ್‌ಗೆ ಖಾಕಿ ತೊಡಿಸಿದರು. ಅಂದರೆ ಹಿಂದಿಯವರಿಗಿಂತ ನಾವು ನಾಲ್ಕು ತಿಂಗಳು ಮುಂದೆ. ಕುಣಿಗಲ್ ಕುದುರೆಗೆ ಇದೊಂದು ಪಾಯಿಂಟು ಕೊಡಬಹುದು.

ಹಾಗಂತ ಇದೊಂದೇ ಅಲ್ಲ. ಅದೇ ಹರಿ 2003ರಲ್ಲಿ ವಿಕ್ರಂ ಜೊತೆ ಮಾಡಿದ ‘ಸಾಮಿ’ ಕನ್ನಡದಲ್ಲಿ 2005ರಲ್ಲಿ ದರ್ಶನ್‌ರ ‘ಅಯ್ಯ’ ಆಯಿತು. ಗೌತಮ್ ಮೆನನ್‌ರ ‘ಕಾಕ್ಕ ಕಾಕ್ಕ’ 2011ರಲ್ಲಿ ಚಿರಂಜೀವಿ ಸರ್ಜಾ ಅಭಿನಯದ ‘ದಂಡಂ ದಶಗುಣಂ’ ಆಯಿತು. ಮದರಾಸಿನಲ್ಲಿ ಹೊಲಿದ ಖಾಕಿ ಅಂಗಿಗೆ ಗಾಂಧಿನಗರದಲ್ಲಿ ಗುಂಡಿ ಬದಲಾಯಿಸಿ ಇಸ್ತ್ರಿ ಹಾಕಿದ್ದು ಒಂದೆರಡು ಸಲವಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

* * *

ಆದರೆ ಪ್ರೇಕ್ಷಕ ಪ್ರಭುಗಳೇ, ಖಾಕಿ ಅಂಗಿ ಒಂದೇ ದಿಕ್ಕಿಗೆ ಪಯಣ ಮಾಡಿದೆ ಅಂದುಕೊಂಡರೆ ತಪ್ಪು.

1981ಕ್ಕೆ ಹೋಗೋಣ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’. ಎಚ್.ಕೆ. ಅನಂತರಾವ್ ಅವರ ಕಾದಂಬರಿ. ಅಂಬರೀಶ್ ಒಂದು ಕಡೆ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಇನ್ನೊಂದು ಕಡೆ ಕನ್ವರ್‌ಲಾಲ್! ಕಳ್ಳನ ವೇಷದಲ್ಲಿ ಕಳ್ಳರ ಕೋಟೆಗೆ ನುಗ್ಗಿದ ಇನ್‌ಸ್ಪೆಕ್ಟರ್‌ಗೆ ಕೊನೆಗೆ ಗೊತ್ತಾಗುವುದೇನು? ಕೋಟೆಯ ಯಜಮಾನರೆಲ್ಲ ಊರ ದೊಡ್ಡ ಮನುಷ್ಯರೇ ಅಂತ. ಹಿಂಸೆ ಮಿತಿ ಮೀರಿದೆ ಎಂದು ಗದ್ದಲವೆದ್ದಿತು. ಟಾಕೀಸಿನ ಮುಂದೆ ಜನ ಮಾತ್ರ ಕರಗಲಿಲ್ಲ. ಬಾಬು ಅವರೇ ಅದನ್ನು ಅದೇ ವರ್ಷ ಹಿಂದಿಯಲ್ಲಿ ಜಿತೇಂದ್ರರನ್ನು ಹಾಕಿ ‘ಮೇರಿ ಆವಾಜ್ ಸುನೋ’ ಮಾಡಿದರು. ಮರುವರ್ಷ ತಮಿಳಿನಲ್ಲಿ ಅದು ‘ತ್ಯಾಗಿ’ ಆಯಿತು. ನಾಯಕ ಯಾರು ಗೊತ್ತೇ? ಸಾಕ್ಷಾತ್ ಶಿವಾಜಿ ಗಣೇಶನ್! 1974ರ ‘ತಂಗ ಪದಕ್ಕಂ’ನಲ್ಲಿ ಎಸ್.ಪಿ. ಚೌಧರಿಯಾಗಿ, ದಾರಿ ತಪ್ಪಿದ ಸ್ವಂತ ಮಗನಿಗೇ ಗುಂಡಿಟ್ಟು ತಮಿಳು ಖಾಕಿಗೆ ದಾರಿ ಹಾಕಿಕೊಟ್ಟ ಮಹಾನಟ. ಅವರಿಗೇ ಮಂಡ್ಯದ ಗಂಡಿನ ಅಳತೆಯ ಅಂಗಿ ಬೇಕಾಯಿತು!

ಅದೇ 1982ರಲ್ಲಿ ಮದರಾಸಿನಲ್ಲಿ ‘ಮೂಂಡ್ರು ಮುಗಂ’ ಬಿಡುಗಡೆಯಾಯಿತು. ಅಲೆಕ್ಸ್ ಪಾಂಡಿಯನ್ ಎಂಬ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ತಮಿಳು ಹುಡುಗರು ಈಗಲೂ ಕೈ ಮುಗಿಯುತ್ತಾರೆ. ಆ ಪಾತ್ರ ಮಾಡಿದವರು ಯಾರಪ್ಪಾ? ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಶಿವಾಜಿರಾವ್ ಗಾಯಕವಾಡ್. ಮೊದಲು ಕಂಡಕ್ಟರ್ ಖಾಕಿ, ಆಮೇಲೆ ಅಲೆಕ್ಸ್ ಪಾಂಡಿಯನ್ ಖಾಕಿ. ಬಟ್ಟೆ ಒಂದೇ, ಬಿಲ್ಲೆ ಬೇರೆ!

ಈಗ ನಮ್ಮ ಶಂಕರಣ್ಣನ ವಿಷಯ. ತುಮಕೂರಿನವರಿಗೆ ಇದನ್ನು ಹೇಳಲೇಬೇಕು. 1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶನದ ‘ಸಾಂಗ್ಲಿಯಾನ’ ಬಂತು. ಅದು ಕಟ್ಟುಕಥೆಯ ಹೆಸರಲ್ಲ. ದೂರದ ಮಿಜೋರಾಂನಿಂದ ಬಂದು ಕರ್ನಾಟಕದಲ್ಲಿ ಸೇವೆ ಮಾಡಿದ ಐ.ಪಿ.ಎಸ್. ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರು. ವೇಷ ಮರೆಸಿಕೊಂಡು ಪುಂಡರನ್ನು ಹಿಡಿಯುತ್ತಾರೆಂದು ಬೆಂಗಳೂರಿನಲ್ಲಿ ಮನೆಮಾತಾಗಿದ್ದವರು. ಸೇವೆಯಲ್ಲಿದ್ದ ಒಬ್ಬ ಅಧಿಕಾರಿಯ ಹೆಸರನ್ನೇ ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೆದ್ದ ಚಿತ್ರ ಅದು. ಮುಂದೆ 2004ರಲ್ಲಿ ಅದೇ ಸಾಂಗ್ಲಿಯಾನ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಗೆದ್ದರು. ಆ ಗೆಲುವಿನ ಓಟುಗಳಲ್ಲಿ ಶಂಕರ್‌ನಾಗ್ ಹೊಡೆಸಿದ ಸಿಳ್ಳೆ ಎಷ್ಟಿತ್ತೋ, ಲೆಕ್ಕ ಹಾಕಿದವರಿಲ್ಲ.

ತುಮಕೂರಿನಿಂದ ಹೊರಡುವ ರಸ್ತೆಗಳನ್ನು ನೋಡಿ. ಒಂದು ಗುಬ್ಬಿ, ತಿಪಟೂರು, ಶಿವಮೊಗ್ಗ ದಾಟಿ ಹೊನ್ನಾವರ ಸೇರುತ್ತದೆ. ಅದು ಶಂಕರ್ ಹುಟ್ಟಿದ ಸೀಮೆ. ಇನ್ನೊಂದು ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುತ್ತದೆ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಆನಗೋಡಿನ ಬಳಿ ಆ ಹೆದ್ದಾರಿಯಲ್ಲೇ ಅವರು ಹೋದರು. ವಯಸ್ಸು ಬರೀ ಮೂವತ್ತೈದು! ‘ಎಸ್.ಪಿ. ಸಾಂಗ್ಲಿಯಾನ’ ಎರಡನೇ ಭಾಗ ತೆರೆ ಕಂಡದ್ದೂ ಅದೇ ವರ್ಷ. ಆಟೋಗಳ ಬೆನ್ನಿನ ಮೇಲೆ ಶಂಕರಣ್ಣ ಇನ್ನೂ ನಗುತ್ತಿದ್ದಾರೆ.

ವಿಷ್ಣು ಅಭಿಮಾನಿಗಳು ಕೋಪ ಮಾಡಿಕೊಳ್ಳಬೇಡಿ, ‘ಸಾಹಸ ಸಿಂಹ’ ನನಗೆ ನೆನಪಿದೆ. ಅಣ್ಣಾವ್ರ ಅಭಿಮಾನಿಗಳೇ, 1968ರ ‘ಜೇಡರ ಬಲೆ’ಯ ಸಿ.ಐ.ಡಿ. 999 ಕೂಡ ನೆನಪಿದ್ದಾನೆ. ಪುಟ ಸಾಲದು, ಅಷ್ಟೆ.

* * *

ಗುಬ್ಬಿಯವನಿಗೆ ಒಂದು ಪ್ರಶ್ನೆ. ತೆರೆಯ ಮೇಲಿನ ಇನ್‌ಸ್ಪೆಕ್ಟರ್‌ಗೆ ಬಲ ಬರೋದು ಎಲ್ಲಿಂದ? ರಿವಾಲ್ವರಿನಿಂದಲೇ? ಅಲ್ಲ ತಮ್ಮಾ, ಗಂಟಲಿನಿಂದ! ಡೈಲಾಗ್ ಬಿದ್ದರೆ ಪೊಲೀಸ್, ಬೀಳದಿದ್ದರೆ ಬ್ಯಾಂಡ್ ಸೆಟ್ಟಿನವನು. ಅದಕ್ಕೂ ಇದಕ್ಕೂ ಬಟ್ಟೆಯಲ್ಲಿ ವ್ಯತ್ಯಾಸ ಕಮ್ಮಿ.

ಆ ಗಂಟಲನ್ನು ಕನ್ನಡಕ್ಕೆ ತಯಾರು ಮಾಡಿಕೊಟ್ಟ ಊರೇ ನಿನ್ನದು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿನ ಹೆಮ್ಮೆ ಮಾಡಿದ ಗುಬ್ಬಿ ವೀರಣ್ಣ. ಹಿಂದಿನ ಬೆಂಚಿನವನಿಗೂ ಮಾತು ಮುಟ್ಟಬೇಕು ಅಂತ ಅಲ್ಲಿ ನಟರನ್ನು ಪಳಗಿಸುತ್ತಿದ್ದರು. ರಾಜ್‌ಕುಮಾರ್, ನಿಮ್ಮ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲ ಆ ಗರಡಿಯವರೇ. 1954ರ ‘ಬೇಡರ ಕಣ್ಣಪ್ಪ’ ತಯಾರಾದದ್ದು ವೀರಣ್ಣನವರ ಸಂಸ್ಥೆ ಮದರಾಸಿನ ಎ.ವಿ.ಎಂ. ಜೊತೆ ಕೈ ಜೋಡಿಸಿದಾಗ. ಗುಬ್ಬಿಗೂ ಮದರಾಸಿಗೂ ಕೊಡು-ಕೊಳ್ಳುವ ಸಂಬಂಧ ‘ಸಿಂಗಂ’ ಹುಟ್ಟುವುದಕ್ಕೆ ಅರ್ಧ ಶತಮಾನದ ಹಿಂದಿನದು!

ಅದೇ ಗಂಟಲಿನ ಕಥೆ 1996ಕ್ಕೆ ಬರುತ್ತದೆ. ಥ್ರಿಲ್ಲರ್ ಮಂಜು ನಿರ್ದೇಶನದ ‘ಪೊಲೀಸ್ ಸ್ಟೋರಿ’. ಅಗ್ನಿಯಾಗಿ ಸಾಯಿಕುಮಾರ್. ಆ ಗುಡುಗಿಗೆ ಟಾಕೀಸಿನ ಕುರ್ಚಿ ನಡುಗಿದ್ದು ನಿಮ್ಮ ಅಪ್ಪಂದಿರನ್ನು ಕೇಳಿ. ಈ ಸಾಯಿಕುಮಾರ್ ಅದಕ್ಕೂ ಮುಂಚೆ ಏನಾಗಿದ್ದರು? ತೆಲುಗಿನಲ್ಲಿ ಬೇರೆಯವರ ತುಟಿಗೆ ದನಿ ಕೊಡುವ ಡಬ್ಬಿಂಗ್ ಕಲಾವಿದ! ನಾಯಕ ರಾಜಶೇಖರ್ ಅವರ ಅಬ್ಬರಕ್ಕೆ ದನಿ ಇವರದೇ. ಅಣ್ಣನಂತೆ ತಮ್ಮ. ‘ಕೆಂಪೇಗೌಡ’ದಲ್ಲಿ ಆರ್ಮುಗಂ ಆಗಿ ಮೆರೆದ ರವಿಶಂಕರ್ ಇದೇ ಸಾಯಿಕುಮಾರ್ ತಮ್ಮ, ಅವರೂ ಡಬ್ಬಿಂಗ್ ಕೋಣೆಯಿಂದ ಬಂದವರು. ತೆಲುಗಿನ ‘ಅರುಂಧತಿ’ಯಲ್ಲಿ ಪಶುಪತಿಯ ಕೂಗು ಅವರದು.

ವಿಚಿತ್ರ ನೋಡಿ. ಆ ಕಾಲದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಬರಕೂಡದೆಂದು 1960ರ ದಶಕದಿಂದ ಕಟ್ಟಿದ ಬೇಲಿ ಗಟ್ಟಿಯಾಗಿತ್ತು. ಚಿತ್ರ ಬರಲಿಲ್ಲ, ಆದರೆ ಡಬ್ಬಿಂಗ್ ಕೋಣೆಯ ಗಂಟಲು ಬಂದು ನಮ್ಮ ಇನ್‌ಸ್ಪೆಕ್ಟರನ್ನೂ ಆಳಿತು, ನಮ್ಮ ವಿಲನ್ನನ್ನೂ ಆಳಿತು!

ಬೇಲಿ ಬಿದ್ದದ್ದು ಹೇಗೆ? 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಎಂದು ಹೇಳಿ ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ಹಾಕಿತು. ಆಮೇಲೆ 2017ರ ಮಾರ್ಚ್‌ನಲ್ಲಿ ಬೇಲಿ ದಾಟಿದ ಮೊದಲ ಚಿತ್ರ ಯಾವುದು? ‘ಸತ್ಯದೇವ್ ಐ.ಪಿ.ಎಸ್.’! ಗೌತಮ್ ಮೆನನ್ ನಿರ್ದೇಶಿಸಿ, ಅಜಿತ್ ಪೊಲೀಸ್ ಅಧಿಕಾರಿಯಾದ 2015ರ ತಮಿಳು ಚಿತ್ರ ‘ಎನ್ನೈ ಅರಿಂದಾಲ್’ ಕನ್ನಡ ಮಾತಾಡಿಕೊಂಡು ಬಂತು. ಬೇಲಿ ಹಾರಿದವನೂ ಪೊಲೀಸೇ! ಕನ್ನಡ ಸಂಘಟನೆಗಳು ಬೀದಿಗಿಳಿದವು, ಕೆಲವು ಕಡೆ ಪ್ರದರ್ಶನಕ್ಕೆ ಅಡ್ಡಿಯಾಯಿತು. ನಿಮ್ಮ ಜಿಲ್ಲೆಯವರೇ ಆದ ಜಗ್ಗೇಶ್ ವಿರೋಧಿಗಳ ಮುಂಚೂಣಿಯಲ್ಲಿದ್ದರು.

ನನ್ನ ಮಾತು ಕೇಳಿ. ಕೆಲಸ ಹೋಗುತ್ತದೆ ಎಂದು ಹೆದರಿದ ನಮ್ಮ ಲೈಟ್ ಹುಡುಗ, ನಮ್ಮ ಸಹನಟ, ನಮ್ಮ ಸಂಭಾಷಣೆ ಬರೆಯುವವನ ಭಯ ಸುಳ್ಳಲ್ಲ. ಅದೇ ಹೊತ್ತಿಗೆ ತಮಿಳು ಬಾರದ ಹಳ್ಳಿ ಹುಡುಗ ತನ್ನ ಭಾಷೆಯಲ್ಲೇ ಎಲ್ಲ ನೋಡಬೇಕು ಅನ್ನೋ ಆಸೆಯೂ ಅನ್ಯಾಯವಲ್ಲ. 2018ರ ಡಿಸೆಂಬರ್‌ನಲ್ಲಿ ‘ಕೆ.ಜಿ.ಎಫ್.’ ತಮಿಳು, ತೆಲುಗು, ಹಿಂದಿ, ಮಲಯಾಳ ಮಾತಾಡಿಕೊಂಡು ಹೋಗಿ ಹಣ ಬಾಚಿದ ಮೇಲೆ ವಾದದ ಕಾವು ಅರ್ಧ ಇಳಿಯಿತು. ನಮ್ಮ ಹುಡುಗ ಅವರ ಮನೆಗೆ ಹೋಗಿ ಉಂಡು ಬಂದ ಮೇಲೆ, ಅವರ ಹುಡುಗ ಬಂದರೆ ಬಾಗಿಲು ಹಾಕೋದು ಹೇಗೆ?

ಈಗ ತೀರ್ಪು. ‘ಸಿಂಗಂ’ ಮೊದಲು ಬಂದದ್ದು ನಿಜ, ಆದ್ದರಿಂದ ಗುಬ್ಬಿಯವನು ಗೆದ್ದ. ಆದರೆ ಬೆಂಗಳೂರು ಕಟ್ಟಿದ ನಾಡಪ್ರಭುವಿನ ಹೆಸರನ್ನಿಟ್ಟು, ಆರ್ಮುಗಂನಂಥ ಎದುರಾಳಿಯನ್ನು ಕೊಟ್ಟು, ಅರ್ಜುನ್ ಜನ್ಯ ಎಂಬ ಹೊಸ ತಾಳಕ್ಕೆ ದಾರಿ ಮಾಡಿದ ‘ಕೆಂಪೇಗೌಡ’ ಜೆರಾಕ್ಸಲ್ಲ, ಆದ್ದರಿಂದ ಕುಣಿಗಲ್‌ನವನೂ ಗೆದ್ದ. ಇಬ್ಬರೂ ಮೂರು ಮೂರು ಇಡ್ಲಿಯ ದುಡ್ಡು ಕೊಡಿ. ಪಂದ್ಯ ಮುಗೀತು.

* * *

ಪಂದ್ಯ ಮುಗೀತು, ಮಾತು ಮುಗಿದಿಲ್ಲ. ನೀವಿಬ್ಬರೂ ಖಾಕಿ ತೊಡುವುದಕ್ಕೆ ಹೊರಟವರು. ಅದಕ್ಕೇ ಇನ್ನೊಂದು ವಿಷಯ ಹೇಳದೆ ಬಿಟ್ಟರೆ ನನಗೆ ನಿದ್ದೆ ಬರೋಲ್ಲ.

‘ಸಿಂಗಂ’ನಲ್ಲಿ, ಹಾಗೇ ‘ಕೆಂಪೇಗೌಡ’ದಲ್ಲಿ ನನಗೆ ಇಷ್ಟವಾದ ದೃಶ್ಯ ಫೈಟಲ್ಲ. ಷರತ್ತಿನ ಮೇಲೆ ಜಾಮೀನು ಪಡೆದ ಭಾರೀ ಕುಳವೊಂದು ಹಳ್ಳಿ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕು. ಅವನೋ ತನ್ನ ಬದಲು ಆಳನ್ನು ಕಳಿಸುತ್ತಾನೆ. ಸಬ್ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ಅವನೇ ಬರಬೇಕು, ಈ ಪುಸ್ತಕದಲ್ಲಿ ಅವನ ಕೈಯಲ್ಲೇ ಸಹಿ ಬೀಳಬೇಕು! ಇಡೀ ಕಥೆಯ ಕಿಡಿ ಅದೊಂದೇ. ನೋಡಿ, ಅಲ್ಲಿ ಗುಂಡಿಲ್ಲ, ರಕ್ತವಿಲ್ಲ, ಒಂದು ರಿಜಿಸ್ಟರು, ಒಂದು ಪೆನ್ನು, ಹೆದರದ ಒಬ್ಬ ಮನುಷ್ಯ. ಅಲ್ಲಿ ನಾನೂ ಸಿಳ್ಳೆ ಹೊಡೆದೆ.

ಆದರೆ ಚಿತ್ರ ಮುಗಿಯುವುದು ಆ ಪುಸ್ತಕದಲ್ಲಲ್ಲ, ಗುಂಡಿನಲ್ಲಿ. ಕೋರ್ಟು ಎಂಬುದು ಚಿತ್ರದವರಿಗೆ ಬೇಸರದ ಜಾಗ. ಅಲ್ಲೂ ಸಿಳ್ಳೆ ಬೀಳುತ್ತದೆ, ಮೊದಲಿಗಿಂತ ಜೋರಾಗಿ. ಈ ಎರಡನೇ ಸಿಳ್ಳೆಯ ಬಗ್ಗೆ ನನಗೆ ಭಯ.

ಯಾಕೆ ಭಯ ಅಂತೀರಾ? 2020ರ ಜೂನ್‌ನಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಮೊಬೈಲ್ ಅಂಗಡಿ ತೆರೆದಿಟ್ಟರು ಅನ್ನೋ ಆಪಾದನೆಯ ಮೇಲೆ ತಂದೆ-ಮಗ ಇಬ್ಬರನ್ನು ಸ್ಟೇಷನ್ನಿಗೆ ಕರೆದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಹೆಣವಾದರು. ಸ್ಟೇಷನ್ನಿನಲ್ಲಿ ಬಡಿದ ಆರೋಪದ ಮೇಲೆ ಪೊಲೀಸರೇ ಜೈಲು ಸೇರಿದರು, ತನಿಖೆ ಸಿ.ಬಿ.ಐ. ಕೈಗೆ ಹೋಯಿತು. ‘ಸಿಂಗಂ’ ಕಥೆ ಹುಟ್ಟಿದ್ದೂ ಆ ತೂತ್ತುಕುಡಿ ಸೀಮೆಯಲ್ಲೇ! ಆಗ ನಿರ್ದೇಶಕ ಹರಿ ಒಂದು ಹೇಳಿಕೆ ಕೊಟ್ಟರು. ಪೊಲೀಸರನ್ನು ಹೊಗಳಿ ಐದು ಚಿತ್ರ ಮಾಡಿದ್ದಕ್ಕೆ ಈಗ ನೊಂದಿದ್ದೇನೆ ಅನ್ನೋ ಅರ್ಥದಲ್ಲಿ. ಎರಡು ‘ಸಾಮಿ’, ಮೂರು ‘ಸಿಂಗಂ’, ಲೆಕ್ಕ ಸರಿಯಾಗಿ ಐದು. ಗಲ್ಲಾ ಪೆಟ್ಟಿಗೆ ತುಂಬಿಸಿಕೊಂಡ ಮೇಲೆ ಹೀಗೆ ಹೇಳುವ ನಿರ್ದೇಶಕರು ಎಷ್ಟು ಜನ ಸಿಗುತ್ತಾರೆ? ಅವರಿಗೆ ನನ್ನ ನಮಸ್ಕಾರ.

ನಮ್ಮಲ್ಲಿ 1994ರಲ್ಲೇ ‘ಲಾಕಪ್ ಡೆತ್’ ಅನ್ನೋ ಹೆಸರಿನ ಚಿತ್ರ ಬಂದು ಜನ ಮುಗಿಬಿದ್ದು ನೋಡಿದರು. ಹೆಸರು ನಮಗೆ ಹೊಸದಲ್ಲ, ನೋವೂ ಹೊಸದಲ್ಲ.

ಹಾಗಾದರೆ ನಿಜವಾದ ಖಾಕಿ ಹೀರೋ ಇಲ್ಲವೇ? ಇದ್ದಾರೆ ಸ್ವಾಮಿ. 1992ರ ಆಗಸ್ಟ್‌ನಲ್ಲಿ ವೀರಪ್ಪನ್ ಹಿಡಿಯಲು ಹೋಗಿ ಮೀಣ್ಯದ ಹತ್ತಿರ ಅವನ ಹೊಂಚಿಗೆ ಬಲಿಯಾದ ಎಸ್.ಪಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್. ಇನ್ನೂ ಹತ್ತಿರ ಬೇಕೇ? ನಿಮ್ಮದೇ ಜಿಲ್ಲೆ, ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿ. 2005ರ ಫೆಬ್ರವರಿಯ ಒಂದು ರಾತ್ರಿ ಶಾಲೆಯಲ್ಲಿ ಬಿಡಾರ ಮಾಡಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ಎರಗಿದರು. ಹಲವು ಮಂದಿ ಪೊಲೀಸರು ಸತ್ತರು. ಅವರಿಗೆ ಸ್ಲೋ ಮೋಷನ್ ಇರಲಿಲ್ಲ, ಹಿನ್ನೆಲೆ ಸಂಗೀತವಿರಲಿಲ್ಲ. ಮನೆಯಿಂದ ಬಂದ ಕಾಗದಕ್ಕೆ ಉತ್ತರ ಬರೆಯಬೇಕಾಗಿದ್ದ, ಸಂಬಳದ ದಿನ ಎಣಿಸುತ್ತಿದ್ದ ಸಾಮಾನ್ಯ ಪೇದೆಗಳು. ಆ ಹೆಸರುಗಳಿಗೆ ಯಾವ ಟಾಕೀಸಿನಲ್ಲೂ ಸಿಳ್ಳೆ ಬೀಳಲಿಲ್ಲ.

ಕುಣಿಗಲ್ ತಮ್ಮನಿಗೆ ಬೇರೆ ಹೇಳಬೇಕಾಗಿಲ್ಲ. ನಿಮ್ಮ ತಾಲೂಕಿನ ದೊಡ್ಡಕೊಪ್ಪಲಿನ ಡಿ.ಕೆ. ರವಿ ಖಾಕಿ ತೊಟ್ಟವರಲ್ಲ, ಕೋಲಾರದಲ್ಲಿ ಜಿಲ್ಲಾಧಿಕಾರಿಯಾಗಿದ್ದವರು. 2015ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಜನ ಅತ್ತದ್ದು ಒಬ್ಬ ಸ್ಟಾರ್‌ಗೆ ಅತ್ತ ಹಾಗೆ. ಅವರು ಜನರ ಮನಸ್ಸು ಗೆದ್ದದ್ದು ಗುಂಡಿನಿಂದಲ್ಲ, ಕಡತದ ಮೇಲಿನ ಸಹಿಯಿಂದ.

* * *

ಕೊನೆಗೆ ಸಹಿ, ಪೆನ್ನು ಎಂದಾಗ ನಿಮ್ಮ ಪರೀಕ್ಷೆಯ ಮಾತೇ ಬಂತು. 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಬರೆದವರು 50,000ಕ್ಕೂ ಹೆಚ್ಚು. 1600 ಮೀಟರ್ ಓಟ ಓಡಿ, ರಾತ್ರಿ ನಿದ್ದೆಗೆಟ್ಟು ಓದಿದ ಮಕ್ಕಳು. ಆಮೇಲೆ ಗೊತ್ತಾಯಿತು, ಕೆಲವರ ಓ.ಎಂ.ಆರ್. ಹಾಳೆಯನ್ನು ಬೇರೆ ಕೈಗಳು ತುಂಬಿದ್ದವು! 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈನಲ್ಲಿ ನೇಮಕಾತಿಯ ಮುಖ್ಯಸ್ಥರಾಗಿದ್ದ ಹಿರಿಯ ಐ.ಪಿ.ಎಸ್. ಅಧಿಕಾರಿಯನ್ನೇ ಸಿ.ಐ.ಡಿ. ಬಂಧಿಸಿತು. ‘ಅಂತ’ದ ಸುಶೀಲ್ ಕುಮಾರ್ ಕಂಡ ದೊಡ್ಡ ಮನುಷ್ಯರ ಕೋಟೆ ನೆನಪಾಯಿತೇ? ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷಕ್ಕೂ ಮೇಲೆ! ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದವನೂ ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಅಷ್ಟರಲ್ಲಿ ವಯಸ್ಸು ಯಾರಿಗೂ ಕಾಯಲಿಲ್ಲ, ಮನೆಯ ಸಾಲವೂ ಕಾಯಲಿಲ್ಲ.

ಇದರ ವಿರುದ್ಧ ಫೈಟ್ ಮಾಡಲು ಯಾವ ಸಿಂಗಂ ಬರಬೇಕಿತ್ತು? ಯಾರೂ ಬರಲಿಲ್ಲ. ಕೂಗಿದವರು ಪರೀಕ್ಷೆ ಬರೆದ ಹುಡುಗರೇ. ಹಾಳೆಯ ನಕಲು ಹಿಡಿದು ಅಂಕ ಲೆಕ್ಕ ಹಾಕಿ, ಇದು ಹೇಗೆ ಸಾಧ್ಯ ಅಂತ ಕೇಳಿದವರು ಅವರೇ. ನನ್ನ ಪಟ್ಟಿಯಲ್ಲಿ ಅವರೂ ಹೀರೋಗಳೇ.

ಆದ್ದರಿಂದ ಗುಬ್ಬಿ ತಮ್ಮಾ, ಕುಣಿಗಲ್ ತಮ್ಮಾ, ಪಿಕ್ಚರ್ ನೋಡಿ, ಸಿಳ್ಳೆ ಹೊಡೀರಿ, ಬೇಡ ಅನ್ನೋಲ್ಲ. ಆದರೆ ನಾಳೆ ನಿಜವಾಗಿ ಭುಜದ ಮೇಲೆ ನಕ್ಷತ್ರ ಬಿದ್ದು, ಹಳ್ಳಿ ಸ್ಟೇಷನ್ನಿನ ಕುರ್ಚಿಯಲ್ಲಿ ಕೂತಾಗ, ದೊಡ್ಡ ಕುಳ ಎದುರು ಬಂದರೆ ರಿಜಿಸ್ಟರ್ ಅವನ ಕಡೆ ತಿರುಗಿಸಿ. ಕೈ ಕಟ್ಟಿ ನಿಂತ ಬಡವ ಬಂದರೆ ಕೂರೋಕೆ ಬೆಂಚು ತೋರಿಸಿ. ಅಷ್ಟು ಮಾಡಿದ ದಿನ ನನಗೊಂದು ಕಾಗದ ಹಾಕಿ. ಕ್ಯಾತ್ಸಂದ್ರದ ಆರು ತಟ್ಟೆ ಇಡ್ಲಿ ನನ್ನ ಲೆಕ್ಕ!

ಮುಂದಿನ ವಾರ ವಿಲನ್‌ಗಳ ಸರದಿ. ಕಾಗದ ಬರೆಯುವವರು ಬೇಗ ಬರೆಯಿರಿ, ಚಿಕ್ಕದಾಗಿ ಬರೆಯಿರಿ, ಬೈಯುವುದಿದ್ದರೆ ಕನ್ನಡದಲ್ಲೇ ಬೈಯಿರಿ!